ಎಡ ರೆಕ್ಕೆಯ ಮೂರು ಸಾಕ್ಷಿಗಳು

೧೯೯೯ ಫೆಬ್ರವರಿ ೨೧, ಭಾನುವಾರ. ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ.

ನಿನ್ನೆ ಅಹಮದಾಬಾದಿನ ಮಣಿನಗರದ ಈ ಬಾಡಿಗೆ ಮನೆಗೆ ಬಡಗಿ ಬಂದಿದ್ದ. ಕಪಾಟಿನ ಬಾಗಿಲಿನ ಚೌಕಟ್ಟು ಸಡಿಲವಾಗಿತ್ತು. ಅವನು ಎರಡು ಟ್ಯೂಬುಗಳಿಂದ ಒಂದಷ್ಟು ಅಂಟು ಹಿಂಡಿ, ಹಳೆಯ ರಟ್ಟಿನ ಮೇಲೆ ಬೆಂಕಿಕಡ್ಡಿಯಿಂದ ಕಲಸತೊಡಗಿದ. ಮೀನು ತೊಳೆದ ನೀರಿನಂಥ, ಆದರೆ ಅದಕ್ಕಿಂತ ಖಾರವಾಗಿ ಮೂಗಿಗೆ ಹತ್ತುವ ಆ ವಾಸನೆ ಕೋಣೆಯನ್ನೆಲ್ಲ ತುಂಬಿತು. ನಾನು ಯೋಚಿಸದೆ ಕೇಳಿಬಿಟ್ಟೆ, ಕಲಸಿದ್ದರಲ್ಲಿ ಸ್ವಲ್ಪ ತೆಗೆದಿಟ್ಟು ನಾಳೆ ಮುರಿದು ನೋಡುವುದಿಲ್ಲವೇ ಎಂದು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಇಲ್ಲಿ ಹೆಂಗಸರೆಲ್ಲ ಬೆನ್, ಎಂದರೆ ಅಕ್ಕ.

"ಕಪಾಟು ಬೆನ್ ಇದು. ಹಾರೋದಿದೆಯಾ?"

ನಾನು ಒಳಗೆ ಹೋಗಿ ಟ್ರಂಕು ತೆರೆದೆ. ನೀಲಿ ರಟ್ಟಿನ ಆ ದಪ್ಪ ಪುಸ್ತಕ ಸೀರೆಗಳ ಅಡಿಯಲ್ಲಿ ಹಾಗೇ ಇತ್ತು...

ಮನೆಯಲ್ಲಿ ವಿಮಾನ ಕಟ್ಟುತ್ತಿದ್ದ ಒಬ್ಬರ ಪುಸ್ತಕ ಅದು. ಬರವಣಿಗೆ ನನ್ನದು.

ವಿಮಾ ಕಚೇರಿಯ ಕೆಲಸಕ್ಕೆಂದು ನಾನು ವಡೋದರಕ್ಕೆ ಬಂದದ್ದು ೧೯೯೫ರ ಜುಲೈಯಲ್ಲಿ. ಇಪ್ಪತ್ತೆರಡು ವರ್ಷ. ಗುಜರಾತಿ ಬಾರದು, ಹಿಂದಿ ಅರೆಬರೆ. ಗೋರ್ವಾದಲ್ಲಿ ಕಾರ್ಖಾನೆಗಳ ಸಾಲು ಶುರುವಾಗುವ ಕಡೆ ಒಂದು ಸಣ್ಣ ಉಡುಪಿ ಹೋಟೆಲು ಇತ್ತು. ಅದರ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಹೋಟೆಲಿನವರನ್ನು ಪಾಳಿ ಮುಗಿಸಿ ಬರುವ ಕಾರ್ಮಿಕರೆಲ್ಲ ಕಾಕಾ ಎನ್ನುತ್ತಿದ್ದರು. ನಮ್ಮ ಧಾರವಾಡದ ಕಡೆಯೂ ಕಾಕಾ, ಗುಜರಾತಿಯಲ್ಲೂ ಕಾಕಾ. ಹೀಗಾಗಿ ನಾನು ಬೇರೆ ಸಂಬಂಧ ಹುಡುಕಬೇಕಾಗಲಿಲ್ಲ. ಅವರ ಹೆಂಡತಿ ಕಾಕಿ.

ಕಾಕಾ ಹೋಟೆಲು ಇಡುವ ಮೊದಲು ಇಪ್ಪತ್ತು ವರ್ಷ ವಾಯುಸೇನೆಯಲ್ಲಿದ್ದವರು. ವಿಮಾನದ ಮೈ ರಿಪೇರಿ ಮಾಡುವ ಕೆಲಸ. ಅವರು ಸರಿಮಾಡಿದ ವಿಮಾನಗಳನ್ನು ಬೇರೆಯವರು ಹಾರಿಸಿದರು. ನಿವೃತ್ತಿಯಾದ ಮೇಲೆ, ಹೋಟೆಲು ಒಂದು ಹದಕ್ಕೆ ಬಂದ ಮೇಲೆ, ಭಾನುವಾರಗಳಲ್ಲಿ ಹೋಗಿ ಹಾರಿಸುವುದನ್ನು ಕಲಿತು ಪರವಾನಗಿ ಪಡೆದಿದ್ದರು. ತಾವೇ ಕಟ್ಟಿದ್ದನ್ನು ತಾವೇ ಒಂದು ಸಲ ಹಾರಿಸಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಅದಕ್ಕೆ ದಾರಿಯೂ ಸಿಕ್ಕಿತು. ಸೂರತ್ತಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಅವರ ಭಾವನ ಕ್ಯಾಂಟೀನು ಇತ್ತು. ಅಲ್ಲಿಯ ಬಟ್ಟೆ ಗಿರಣಿಯ ಮಾಲೀಕರೊಬ್ಬರು ಮಗನಿಗಾಗಿ ಹೊರದೇಶದಿಂದ ಒಂದು ವಿಮಾನದ ಕಿಟ್ ತರಿಸಿದ್ದರು. ಬಿಡಿಬಿಡಿಯಾದ ಮರದ ಪಟ್ಟಿಗಳು, ತೆಳು ಪ್ಲೈವುಡ್ಡು, ಮಡಿಸಿದ ನಕ್ಷೆಗಳು, ಒಬ್ಬರೇ ಕೂರುವ ಪುಟ್ಟ ವಿಮಾನ. ಮಗನಿಗೆ ಒಂದು ತಿಂಗಳಲ್ಲಿ ಬೇಸರವಾಯಿತು. ಪೆಟ್ಟಿಗೆ ಎರಡು ವರ್ಷ ಗಿರಣಿಯ ಮೂಲೆಯಲ್ಲಿ ಧೂಳು ತಿಂದಿತು. ಕಾಕಾ ಅದನ್ನು ಕೇಳಿ, ಅಗ್ಗಕ್ಕೆ ಕೊಂಡು ತಂದರು. ಹೋಟೆಲಿನ ಹಿಂದಿನ ಉದ್ದನೆಯ ಕೋಣೆಯಿಂದ ಅಕ್ಕಿ ಮೂಟೆಗಳು ಹೊರಬಿದ್ದವು. ಪೆಟ್ಟಿಗೆ ಒಡೆದದ್ದು ೧೯೯೫ ಅಕ್ಟೋಬರ್ ೮ರಂದು. ಅದು ನನ್ನ ಸ್ವಂತ ದಿನಚರಿಯಲ್ಲಿದೆ. ನಾನು ಆ ದಿನ ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಪುಟ ಓದಿದೆ, ಎಷ್ಟು ಪತ್ರ ಬಂತು ಎಂಬುದೆಲ್ಲ ಅದರಲ್ಲಿರುತ್ತಿತ್ತು. ಕಾಕಾ ಒಮ್ಮೆ ಊಟದ ಮೇಜಿನ ಮೇಲೆ ಅದನ್ನು ನೋಡಿ ನಕ್ಕಿದ್ದರು.

"ಎಂತ ಮಾರಾಯ್ತಿ, ಇಡ್ಲಿ ಎಷ್ಟು ತಿಂದೆ ಅಂತ ಕೂಡ ಬರ್ದಿದ್ದಿ?"

"ಮೂರ್ರಿ ಕಾಕಾ. ನಿನ್ನೆ ನಾಕು."

"ನನಗೆ ನಿನ್ನಂಥವಳೇ ಬೇಕಿತ್ತು," ಎಂದರು.

ಹಾಗೆ ಶುರುವಾಯಿತು.

ಮರದ ವಿಮಾನ ಎಂದರೆ ಬಹುಪಾಲು ಅಂಟಿನ ಕೆಲಸ. ಅಂಟಿಸಿದ ಜೋಡಣೆಯ ಒಳಗೆ ಏನಾಗಿದೆ ಎಂದು ಹೊರಗಿನಿಂದ ನೋಡಿದರೆ ತಿಳಿಯದು. ಅದಕ್ಕೆ ಕಾಕಾ ಒಂದು ಕ್ರಮ ಇಟ್ಟಿದ್ದರು. ಅಂಟು ಕಲಸಿದಾಗಲೆಲ್ಲ ಅದೇ ಅಂಟಿನಿಂದ, ಅದೇ ಮರದ ಎರಡು ಚೂರುಗಳನ್ನು ಬೆರಳುದ್ದಕ್ಕೆ ಕತ್ತರಿಸಿ ಜೋಡಿಸಿಡುವುದು. ಮೇಲೆ ಪೆನ್ಸಿಲ್ಲಿನಲ್ಲಿ ಸಂಖ್ಯೆ. ಇದಕ್ಕೆ ಅವರು ಸಾಕ್ಷಿ ಎನ್ನುತ್ತಿದ್ದರು. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಸಾಕ್ಷಿಯನ್ನು ಮೇಜಿನ ಕಬ್ಬಿಣದ ಇಕ್ಕಳಕ್ಕೆ ಕಚ್ಚಿಸಿ ಸುತ್ತಿಗೆಯಿಂದ ಹೊಡೆದು ಮುರಿಯಬೇಕು. ಮರವೇ ಹರಿದು ನಾರುನಾರಾಗಿ ಬಂದರೆ ಅಂಟು ಗಟ್ಟಿ. ಅಂಟಿನ ಗೆರೆಯಲ್ಲೇ ನುಣ್ಣಗೆ ಬಿಟ್ಟುಕೊಂಡರೆ ಆ ಅಂಟಿನಿಂದ ಮಾಡಿದ ಜೋಡಣೆಯನ್ನೆಲ್ಲ ಕಿತ್ತು ಹಾಕಬೇಕು.

ನನ್ನ ಕೆಲಸ ಪುಸ್ತಕ. ಸಂಖ್ಯೆ, ದಿನಾಂಕ, ಕಲಸಿದ ಹೊತ್ತು, ಕೋಣೆಯ ಉಷ್ಣಾಂಶ, ಯಾವ ಜೋಡಣೆ, ಕೊನೆಯ ಅಂಕಣದಲ್ಲಿ ಫಲಿತಾಂಶ. ಫಲಿತಾಂಶಕ್ಕೆ ಎರಡೇ ಪದ. ಮರ, ಇಲ್ಲವೇ ಅಂಟು. ಒಂದು ಪುಟಕ್ಕೆ ಇಪ್ಪತ್ತೈದು ಸಾಲು.

ಜನವರಿಯ ಚಳಿಯಲ್ಲಿ ಅಂಟು ಬೇಗ ಗಟ್ಟಿಯಾಗದು. ಥರ್ಮಾಮೀಟರಿಗಿಂತ ಮೊದಲು ಕಾಕಾ ಹೋಗಿ ಇಡ್ಲಿ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು. ಹಿಟ್ಟು ಉಬ್ಬದ ದಿನ ಅಂಟು ಕಲಸುತ್ತಿರಲಿಲ್ಲ. ಕಾಕಿ ಗೊಣಗುತ್ತಿದ್ದರು, "ಹಿಟ್ಟು ನೋಡ್ಲಿಕ್ಕೆ ಬಂದದ್ದಾ, ವಿಮಾನ ನೋಡ್ಲಿಕ್ಕೆ ಬಂದದ್ದಾ? ಮುಚ್ಚಿ ಮೊದ್ಲು, ಗಾಳಿ ಹೋಗ್ತದೆ."

ಮುರಿದು ಪರೀಕ್ಷೆಯಾದ ಸಾಕ್ಷಿಗಳು ಒಂದು ಬಿಸ್ಕತ್ತಿನ ಡಬ್ಬಿಗೆ ಹೋಗುತ್ತಿದ್ದವು. ಪರೀಕ್ಷೆಯಾಗದವು ಕಿಟಕಿಯಲ್ಲಿ ಒಂದು ಸ್ಟೀಲು ತಟ್ಟೆಯ ಮೇಲೆ. ಹೋಳಿಯ ದಿನ ಬೀದಿಯ ಮಕ್ಕಳು ಕೈಗಾಡಿ ತಳ್ಳಿಕೊಂಡು ಮನೆಮನೆಗೆ ಕಟ್ಟಿಗೆ ಕೇಳಿ ಬರುತ್ತಾರಲ್ಲ, ಆಗ ಡಬ್ಬಿಯನ್ನು ಅವರಿಗೆ ಸುರಿಯುವುದು. ೧೯೯೬ರಲ್ಲಿ ಹಾಗೆ ಎಂಬತ್ತಾರು ಸಾಕ್ಷಿಗಳನ್ನು ಕೊಟ್ಟಿದ್ದೆವು. ಕೆಲಸ ಮುಗಿಸಿದವು, ಒಳ್ಳೆಯ ಬೆಂಕಿಗೆ ಹೋಗಲಿ ಎಂದಿದ್ದರು ಕಾಕಾ.

೧೯೯೭ರ ಜನವರಿಯಲ್ಲಿ ಒಂದು ವಿಷಯ ತಿಳಿಯಿತು. ಕಾಕಾರಿಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ಹಾರಾಟಕ್ಕೆ ಬೇಕಾದ ವೈದ್ಯಕೀಯ ಪತ್ರ ಆ ಸಲ ಸಿಕ್ಕಿತು, ಡಿಸೆಂಬರ್ ಕೊನೆಯ ತನಕ. ಮುಂದಿನ ಸಲ ಕಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆ ದಿನ ಸಂಜೆ ಕಾಕಾ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಉಳಿದ ಕೆಲಸವನ್ನು ತಿಂಗಳ ಮೇಲೆ ಹಂಚಿದರು. ಹಾರಾಟ ನವೆಂಬರಿಗೆ ಬಂತು. "ಒಂದು ತಿಂಗಳು ಕೈಯಲ್ಲಿ ಉಂಟು," ಎಂದರು.

ಮಾರ್ಚ್ ೨೨, ಶನಿವಾರ. ಎಡ ರೆಕ್ಕೆಯ ಸ್ಪಾರಿನ ದೊಡ್ಡ ಜೋಡಣೆ. ಸ್ಪಾರ್ ಎಂದರೆ ರೆಕ್ಕೆಯ ಬೆನ್ನೆಲುಬು, ಹಾರುವಾಗ ಇಡೀ ಭಾರವನ್ನು ಹೊರುವ ಮರ. ಓರೆಯಾಗಿ ಕೊಯ್ದ ಎರಡು ತುದಿಗಳನ್ನು ಒಂದರ ಮೇಲೊಂದು ಮಲಗಿಸಿ ಅಂಟಿಸಬೇಕು. ಉದ್ದನೆಯ ಜೋಡಣೆಯಾದ್ದರಿಂದ ಮೂರು ಸಲ ಅಂಟು ಕಲಸಿದರು. ಮೂರು ಸಾಕ್ಷಿಗಳು. ಸಂಖ್ಯೆ ೨೨೩, ೨೨೪, ೨೨೫.

ಸಂಜೆ ಕಾಕಾ ಸೂರತ್ತಿಗೆ ಹೊರಟರು. ರೆಕ್ಕೆಗೆ ಹೊದಿಸುವ ಬಟ್ಟೆ ಅಲ್ಲಿಂದ ಬರಬೇಕಿತ್ತು. ಹೋಗುವಾಗ ಹೇಳಿದರು, "ನಾಳೆ ಹನ್ನೊಂದರ ಮೇಲೆ ಮೂರನ್ನೂ ನೀನೇ ಮುರಿದು ನೋಡು. ನಿನಗೆ ಗೊತ್ತುಂಟಲ್ಲ."

ನಾನು ಶನಿವಾರಗಳಂದು ವಾರವೆಲ್ಲ ಚೀಟಿಗಳಲ್ಲಿ ಗುರುತು ಹಾಕಿಟ್ಟದ್ದನ್ನು ಮಸಿಯಲ್ಲಿ ಪುಸ್ತಕಕ್ಕೆ ಇಳಿಸುತ್ತಿದ್ದೆ. ೨೨೫ಕ್ಕೆ ಒಂಬತ್ತನೆಯ ಪುಟ ಮುಗಿಯುತ್ತಿತ್ತು. ಅದುವರೆಗಿನ ಇನ್ನೂರ ಇಪ್ಪತ್ತೆರಡರಲ್ಲಿ ಅಂಟು ಬಿಟ್ಟದ್ದು ಎರಡೇ, ಅವೂ ಮೊದಲ ತಿಂಗಳಲ್ಲಿ. ಪುಟದ ಕೊನೆಯಲ್ಲಿ ಮೂರು ಖಾಲಿ ಚೌಕಗಳು ಉಳಿದವು. ನಾಳೆ ಬರೆದರೆ ಬೇರೆ ಪೆನ್ನು, ಬೇರೆ ಬಣ್ಣ... ನಾನು ಮೂರರಲ್ಲೂ ಮರ ಎಂದು ಬರೆದು, ಕೆಳಗೆ ಗೆರೆ ಎಳೆದು, ಪುಟದ ಮೊತ್ತ ಹಾಕಿದೆ. ಹೇಗೂ ನಾಳೆ ಮುರಿಯುತ್ತೇನಲ್ಲ ಎಂದುಕೊಂಡೆ.

ಮರುದಿನ ಹೋಳಿ. ನಾನು ಮೇಲೆ ಬಟ್ಟೆ ಒಗೆಯುತ್ತಿದ್ದೆ. ಮಕ್ಕಳು ಗಾಡಿ ತಂದು "ಕಾಕಿ, ಲಾಕ್ಡಾ ಆಪೋ" ಎಂದು ಕಟ್ಟಿಗೆಗಾಗಿ ಕೂಗುತ್ತಿದ್ದದ್ದು ಕೇಳಿಸಿತ್ತು. ಹನ್ನೊಂದೂ ಹತ್ತಕ್ಕೆ ಕೆಳಗಿಳಿದು ಹಿಂದಿನ ಕೋಣೆಗೆ ಹೋದೆ. ಸ್ಟೀಲು ತಟ್ಟೆ ತೊಳೆದು ಬೋರಲು ಹಾಕಿತ್ತು.

"ಕಾಕಿ, ಕಿಟಕ್ಯಾಗಿನ ಮೂರು ಎಲ್ಲದಾವ್ರಿ?"

"ಮಕ್ಕಳಿಗೆ ಕೊಟ್ಟೆ."

"ಅವನ್ನ ಮುರದಿದ್ದಿಲ್ರಿ."

"ಇಡಿ ಇದ್ದದ್ದು ನಾನೂ ನೋಡಿದೆ. ಅದಕ್ಕೇ ಪುಸ್ತಕ ತೆಗೆದು ನೋಡಿದೆ. ಮೂರಕ್ಕೂ ಮರ ಅಂತ ಉಂಟು. ನೀನು ಬರೆದ ಮೇಲೆ ನಾನು ಇನ್ನೆಂತ ನೋಡುದು?" ಎನ್ನುತ್ತ ಕಾಕಿ ಗಿರಾಕಿಗಳ ಕಡೆ ಓಡಿದರು. ಹಬ್ಬದ ದಿನ, ಹೋಟೆಲು ತುಂಬಿತ್ತು.

ನಾನು ಹೋಳಿ ಹೊತ್ತಿಸುವ ಚೌಕಕ್ಕೆ ಓಡಿದೆ. ಆಳೆತ್ತರದ ರಾಶಿ. ಮುರಿದ ಕುರ್ಚಿಗಳು, ಪೆಟ್ಟಿಗೆಗಳು, ಬೆರಣಿಗಳು. ಬೆರಳುದ್ದದ ಚೂರುಗಳು ಸಂದುಗಳಲ್ಲಿ ಇಳಿದುಹೋಗಿದ್ದವು. ಹಳೆಯ ಸಂಖ್ಯೆಗಳು ಸಿಕ್ಕವು, ೧೪೦, ೧೯೭, ಅಂಥವು. ನನಗೆ ಬೇಕಾದವು ಇಲ್ಲ. ಹುಡುಗರ ಗುಂಪೊಂದು ನಗಲು ಶುರುಮಾಡಿತು. "ಬೆನ್, ನಿಮ್ಮ ವಿಮಾನ ಇದರಲ್ಲಿ ಬಿದ್ದಿದೆಯಾ?" ಇನ್ನೊಂದು ಕುರ್ಚಿಯನ್ನು ಎಳೆಯುವಷ್ಟರಲ್ಲಿ ಪಕ್ಕದ ಮನೆಯ ವೃದ್ಧೆ ನನ್ನ ಮುಂಗೈ ಹಿಡಿದರು. ಹೋಳಿಗೆ ಕೊಟ್ಟದ್ದನ್ನು ವಾಪಸು ತೆಗೆಯಬಾರದು ಮಗಳೇ, ಮನೆಗೆ ಒಳ್ಳೆಯದಲ್ಲ ಎಂದರು. ಬೈದಿದ್ದರೆ ಬಿಡಿಸಿಕೊಳ್ಳುತ್ತಿದ್ದೆನೇನೋ. ಮೆತ್ತಗೆ ಹೇಳಿದರು. ನಲವತ್ತು ನಿಮಿಷ ಹುಡುಕಿ ವಾಪಸಾದೆ. ಆ ಸಂಜೆ ರಾಶಿಗೆ ಬೆಂಕಿ ಇಟ್ಟಾಗ ನಾನು ಹೋಗಲಿಲ್ಲ.

ಸೋಮವಾರ ಕಾಕಾ ಬಟ್ಟೆಯ ಸುರುಳಿ ಹೊತ್ತು ಬಂದರು. ಇಳಿಸುವ ಮೊದಲೇ ಕೇಳಿದರು.

"ಮುರಿದ್ಯಾ?"

"ಪುಸ್ತಕದಾಗ ಬರದೇನ್ರಿ ಕಾಕಾ," ಎಂದೆ.

ಅವರು ಪುಸ್ತಕ ತೆರೆದು ಕೊನೆಯ ಮೂರು ಸಾಲು ನೋಡಿ, ತಲೆಯಾಡಿಸಿ, ಕೆಲಸಕ್ಕೆ ಕೂತರು.

ಒಂಬತ್ತು ದಿನ ನಾನು ಹೇಳಲಿಲ್ಲ. ನನ್ನ ದಿನಚರಿಯಲ್ಲಿ ಆ ಒಂಬತ್ತು ದಿನಗಳಿಗೆ ಎದ್ದ ಹೊತ್ತು, ಮಲಗಿದ ಹೊತ್ತು ಬಿಟ್ಟರೆ ಬೇರೇನೂ ಇಲ್ಲ. ಹೇಳಬೇಕು ಎಂದು ದಿನವೂ ಅಂದುಕೊಂಡೆ. ಒಂದೊಂದು ದಿನ ಕಳೆದಂತೆ ಸ್ಪಾರಿನ ಮೇಲೆ ಪ್ಲೈವುಡ್ಡು ಕೂತಿತು, ಅದರ ಮೇಲೆ ಬಟ್ಟೆ ಬಂತು. ಕಾಕಾ ಇಸ್ತ್ರಿಪೆಟ್ಟಿಗೆ ಹಿಡಿದು ಬಟ್ಟೆಯನ್ನು ಕಾಯಿಸುತ್ತ ಬಿಗಿಗೊಳಿಸುತ್ತಿದ್ದರು. ಬೆರಳಿನಿಂದ ತಟ್ಟಿದರೆ ಡೋಲಿನ ಹಾಗೆ ಕೇಳಿಸುತ್ತಿತ್ತು. ಗಿರಾಕಿಗಳು ಚಹಾದ ಲೋಟ ಹಿಡಿದೇ ಬಂದು ಒಂದೊಂದು ಸಲ ತಟ್ಟಿ ಹೋಗುತ್ತಿದ್ದರು. ಹೇಳುವುದು ಮೊದಲ ದಿನವೇ ಸುಲಭವಿತ್ತು. ಆ ಸುಲಭದ ದಿನವನ್ನು ನಾನು ಕಳೆದುಕೊಂಡಿದ್ದೆ.

ಏಪ್ರಿಲ್ ೨, ಬುಧವಾರ. ಕಚೇರಿಗೆ ಹೊರಡುವ ಮೊದಲು ತಿಂಡಿಗೆ ಇಳಿದಿದ್ದೆ. ಕಾಕಾ ರೆಕ್ಕೆಯ ಮೇಲೆ ಅಂಗೈ ಇಟ್ಟು ನಿಂತಿದ್ದರು. ಕಾಕಿಯೊಂದಿಗೆ ತಮಾಷೆ ನಡೆದಿತ್ತು.

"ಇಷ್ಟು ತೆಳು ಕಡ್ಡಿಗಳ ಮೇಲೆ ಕೂತು ಹೋಗ್ತೀರಾ? ನಿಮ್ಮ ತೂಕಕ್ಕೆ ನಮ್ಮ ಬೆಂಚೇ ಕಿರುಗುಟ್ತದೆ."

"ಕಡ್ಡಿಯ ಮೇಲೆ ಅಲ್ಲ ಮಾರಾಯ್ತಿ," ಎಂದರು ಕಾಕಾ, ನನ್ನ ಕಡೆ ಗದ್ದದಿಂದ ತೋರಿಸಿ. "ನಾನು ಹಾರುದು ಇವಳ ಪುಸ್ತಕದ ಮೇಲೆ."

ಆಗ ಹೇಳಿದೆ. ನಿಂತಲ್ಲೇ, ಎಲ್ಲವನ್ನೂ, ಬರೆದ ಹೊತ್ತಿನ ಸಮೇತ.

ಕಾಕಾ ರೆಕ್ಕೆಯಿಂದ ಅಂಗೈ ತೆಗೆದರು. ಮುಗಿದ ಮೇಲೆ ಕೇಳಿದ್ದು ಒಂದೇ, "ಯಾವ ಮೂರು?"

ಸಂಖ್ಯೆ ಹೇಳಿದೆ. ಅವರು ಕೈ ಚಾಚಿದರು. ಪುಸ್ತಕ ಕೊಟ್ಟೆ. ನೋಡಿ ಮುಚ್ಚಿದರು. ಗೋಡೆಯ ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿದರು. ಆಮೇಲೆ ಹಲಗೆಯ ಅಡಿಯಿಂದ ಗರಗಸ ತೆಗೆದರು.

"ಕಾಕಾ, ಇನ್ನೂರಾ ಇಪ್ಪತ್ತರಾಗ ಮರಾನ ಬಂದದ್ರಿ. ಇವೂ ಹಂಗ ಇರತಾವು."

"ಎರಡು ಅಂಟು ಉಂಟಲ್ಲ?"

"ಅವು ಮೊದಲಿನ ತಿಂಗಳದವು."

"ನಾನು ಇಪ್ಪತ್ತು ವರ್ಷ ಬೇರೆಯವರ ವಿಮಾನಕ್ಕೆ ಸಹಿ ಮಾಡಿದವ," ಎಂದರು. ಸ್ವರ ಏರಲಿಲ್ಲ. "ಇರಬಹುದು ಅಂತ ಒಂದಕ್ಕೂ ಮಾಡ್ಲಿಲ್ಲ. ಇದು ನನ್ನದೇ ಅಂತ ಮಾಡ್ಲಿಕ್ಕಾಗ್ತದಾ? ನೀನು ಆ ಕಡೆ ಹಿಡಿ."

ನಾನು ಆ ದಿನ ಕಚೇರಿಗೆ ಹೋಗಲಿಲ್ಲ. ಬಟ್ಟೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಪ್ಲೈವುಡ್ಡನ್ನು ಉಳಿಯಿಂದ ಎಬ್ಬಿಸಿದರು. ಸ್ಪಾರನ್ನು ಜೋಡಣೆಯ ಎರಡೂ ಕಡೆ ಕೊಯ್ದು, ಮೊಳಕ್ಕಿಂತ ಉದ್ದದ ಆ ತುಂಡನ್ನು ಹೊರತೆಗೆದರು. ಬಾಗಿಲಲ್ಲಿ ನಿಂತಿದ್ದ ಕಾಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಆ ತುಂಡನ್ನು ಅಡ್ಡಡ್ಡ ಮೂರಾಗಿ ಕೊಯ್ದು, ಒಂದೊಂದನ್ನೂ ಇಕ್ಕಳಕ್ಕೆ ಕಚ್ಚಿಸಿ, ಸುತ್ತಿಗೆಯಿಂದ ಹೊಡೆದರು.

ಮೂರೂ ನಾರುನಾರಾಗಿ ಹರಿದವು. ಅಂಟಿನ ಗೆರೆ ಒಂದು ಕಡೆಯೂ ಬಿಟ್ಟಿರಲಿಲ್ಲ.

ಕಾಕಾ ಆ ತುಂಡುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹೊರಗೆ ಬಂದು ಅಕ್ಕಿಮೂಟೆಯ ಮೇಲೆ ಕೂತು ಕಾಫಿ ಕೇಳಿದರು. ಕುಡಿದು ಮುಗಿಸಿದ ಮೇಲೆ ನನಗೆ, "ಬರಿ," ಎಂದರು. ನಾನು ಆ ಪುಟವನ್ನೇ ಹರಿಯಲು ಹೋದೆ. ತಡೆದರು. ಬರೆದದ್ದನ್ನು ಹರಿಯಬಾರದು, ಓದಲು ಬರುವ ಹಾಗೆ ಒಂದೇ ಗೆರೆ ಹೊಡೆದು, ಕೆಳಗೆ ಸರಿಯಾದದ್ದನ್ನು ಬರೆದು, ದಿನಾಂಕ ಹಾಕಿ ಸಹಿ ಮಾಡಬೇಕು ಎಂದು ತೋರಿಸಿಕೊಟ್ಟರು. ನಾನು ಮೂರು ಸಲ ಮರ ಎಂಬುದನ್ನು ಹೊಡೆದು, ಅದರ ಕೆಳಗೆ ಮೂರು ಸಲ ಮರ ಎಂದೇ ಬರೆದೆ.

"ಮೊದ್ಲು ಬರೆದದ್ದು ಸರಿನೇ ಇತ್ತಲ್ರಿ," ಎಂದೆ. ಅಳು ಬಂತು.

"ಈಗ ಸರಿ ಆಯ್ತು. ಆಗ ಆಗಿರ್ಲಿಲ್ಲ," ಎಂದರು. ಅಷ್ಟೇ. ಮುಂದೆಂದೂ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ...

ಅದೇ ಜಾತಿಯ ಮರ ಮತ್ತೆ ಹೊರಗಿನಿಂದ ಬರಬೇಕಾಯಿತು. ಬಂದದ್ದು ಆಗಸ್ಟಿನಲ್ಲಿ, ಮಳೆಯಲ್ಲಿ. ಗಾಳಿಯ ತೇವ ಇಳಿಯಲಿ ಎಂದು ಒಂದೂವರೆ ತಿಂಗಳು ಕಾದೆವು. ಹೊಸ ಸ್ಪಾರು, ಹೊಸ ಸಾಕ್ಷಿಗಳು. ಒಂದೊಂದನ್ನೂ ಕಾಕಾ ಮುರಿಯುವಾಗ ನಾನು ಪಕ್ಕದಲ್ಲಿ ನಿಂತೇ ಇದ್ದೆ. ಮುರಿದದ್ದನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಪೆನ್ನು ತೆರೆಯುತ್ತಿದ್ದೆ. ನವೆಂಬರ್ ಹೋಯಿತು. ಡಿಸೆಂಬರ್ ೩೧ರಂದು ವಿಮಾನಕ್ಕೆ ಎಡ ರೆಕ್ಕೆ ಇನ್ನೂ ಕೂತಿರಲಿಲ್ಲ. ಜನವರಿಯ ಪರೀಕ್ಷೆಯಲ್ಲಿ ಕಾಕಾರಿಗೆ ವೈದ್ಯಕೀಯ ಪತ್ರ ಸಿಗಲಿಲ್ಲ.

ಬಂದು ಚಪ್ಪಲಿ ಬಿಚ್ಚಿ, ಕಾಕಿಗೆ "ಆಗ್ಲಿಲ್ಲ" ಎಂದರು. ಅಂಗಿ ಬದಲಿಸಿ ಹಿಂದಿನ ಕೋಣೆಗೆ ಹೋಗಿ ಕೆಲಸ ಮುಂದುವರಿಸಿದರು. ನನಗೆ ಅರ್ಥವಾಗಲಿಲ್ಲ. ಇನ್ನು ಯಾರಿಗಾಗಿ ಎಂದು ಕಾಕಿಯನ್ನು ಕೇಳಿದೆ. ಕಾಕಿ ತೆಂಗಿನಕಾಯಿ ತುರಿಯುತ್ತಿದ್ದರು. "ಅವರಿಗೆ ಬೇರೆಯವರಿಗೆ ಕಟ್ಟಿ ಅಭ್ಯಾಸ ಉಂಟು," ಎಂದರು, ತಲೆಯೆತ್ತದೆ.

೧೯೯೮ ಏಪ್ರಿಲ್ ೧೯ಕ್ಕೆ ಕೆಲಸ ಮುಗಿಯಿತು. ಒಟ್ಟು ಸಾಕ್ಷಿಗಳು ಮುನ್ನೂರ ನಾಲ್ಕು. ಮೇ ತಿಂಗಳಲ್ಲಿ ಕಾಕಾ ಅದನ್ನು ಮಾರಿದರು. ಕೊಂಡವರ ಪರವಾಗಿ, ಸೂರತ್ತಿನ ಕಡೆಯವರು ಎಂದು ಹೇಳಿಕೊಂಡ ಇಬ್ಬರು ಲಾರಿ ತಂದು, ರೆಕ್ಕೆ ಬಿಚ್ಚಿ, ವಿಮಾನವನ್ನು ಕೊಂಡೊಯ್ದರು. ನಾನು ಕಚೇರಿಯಲ್ಲಿದ್ದೆ. ಪುಸ್ತಕ ನನ್ನ ಕೋಣೆಯಲ್ಲೇ ಉಳಿದಿತ್ತು. ಕಳಿಸೋಣ, ವಿಳಾಸ ಕೊಡಿ ಎಂದೆ. ಕಾಕಾ ಬೇಡವೆಂದರು.

"ಅವರಾಗಿ ಕೇಳ್ಲಿ. ಪುಸ್ತಕ ಕೇಳದವ ಹಾರ್ಲಿಕ್ಕೆ ತಯಾರಿಲ್ಲ ಅಂತ ಲೆಕ್ಕ. ಕೇಳಿ ಬಂದವನಿಗೆ ಒಂಬತ್ತನೇ ಪುಟ ನೀನೇ ತೋರಿಸು."

ಯಾರೂ ಬರಲಿಲ್ಲ. ಜೂನಿನಲ್ಲಿ ನನಗೆ ಅಹಮದಾಬಾದಿಗೆ ವರ್ಗವಾಯಿತು. ದೀಪಾವಳಿಗೆ ಹೋಗಬೇಕೆಂದಿದ್ದೆ. ಅಕ್ಟೋಬರ್ ೬ಕ್ಕೆ ಕಾಕಿಯ ಕಾರ್ಡು ಬಂತು. ಕಾಕಾ ಹೋಗಿ ಹದಿಮೂರು ದಿನವಾಗಿತ್ತು, ಹೃದಯಾಘಾತ, ಬೆಳಿಗ್ಗೆ, ಗಲ್ಲಾದ ಮುಂದೆ. ನಾನು ವಡೋದರಕ್ಕೆ ಹೋಗುವಷ್ಟರಲ್ಲಿ ಹೋಟೆಲಿಗೆ ಬೇರೆ ಬೋರ್ಡು ಬಂದಿತ್ತು. ಕಾಕಿ ತಮ್ಮನ ಜೊತೆ ಊರಿಗೆ ಹೊರಟುಹೋಗಿದ್ದರು. ಹಿಂದಿನ ಕೋಣೆಯಲ್ಲಿ ಹುಡುಗರು ಫರಸಾಣ ಎಂಬ ಕುರುಕಲು ತಿಂಡಿ ಕರಿಯುತ್ತಿದ್ದರು. ಇಲ್ಲಿ ವಿಮಾನ ಇತ್ತು ಎಂದು ಹೇಳಿದರೆ ಆ ಹುಡುಗರು ನಂಬುತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಕ್ಷಮೆಯನ್ನು ನಾನು ಕಾಕಾರಲ್ಲಿ ಬಾಯಿಬಿಟ್ಟು ಕೇಳಿರಲಿಲ್ಲ ಎಂಬುದು ಹಿಂದಿರುಗುವ ರೈಲಿನಲ್ಲಿ ಹೊಳೆಯಿತು.

ಈಗ ಗಂಟೆ ಹನ್ನೊಂದೂ ಕಾಲು. ನಮ್ಮ ಕನ್ನಡ ಸಂಘದ ಈ ಪತ್ರಿಕೆ ಸೂರತ್ತಿನ ಕನ್ನಡಿಗರ ಮನೆಗಳಿಗೂ ಹೋಗುತ್ತದೆ ಎಂದು ಇಷ್ಟನ್ನು ಬರೆದೆ. ಒಬ್ಬರೇ ಕೂರುವ, ಮರದ, ಎಡ ರೆಕ್ಕೆಯ ಬಟ್ಟೆ ಬಲಗಡೆಯದಕ್ಕಿಂತ ಸ್ವಲ್ಪ ಹೊಸದಾಗಿ ಕಾಣುವ ವಿಮಾನವನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದರೆ, ಅದು ಯಾರ ಬಳಿ ಇದೆ ಎಂದು ಗೊತ್ತಿದ್ದರೆ, ದಯವಿಟ್ಟು ಸಂಪಾದಕರ ಮೂಲಕ ನನಗೆ ಬರೆಯಿರಿ. ಅದು ಹಾರಿಲ್ಲದಿದ್ದರೆ, ಪುಸ್ತಕ ನೋಡದೆ ಹಾರಿಸಬೇಡಿ ಎಂದು ಅವರಿಗೆ ತಿಳಿಸಿ. ನಾನೇ ತಂದುಕೊಡುತ್ತೇನೆ. ಹಾರಿದ್ದರೆ, ಯಾವ ದಿನ, ಎಷ್ಟು ಹೊತ್ತಿಗೆ ನೆಲ ಬಿಟ್ಟಿತು, ಎಷ್ಟು ಹೊತ್ತಿಗೆ ಇಳಿಯಿತು ಎಂಬುದನ್ನು ಕಣ್ಣಾರೆ ನೋಡಿದವರು ಬರೆದು ಕಳಿಸಿ. ಕೇಳಿ ತಿಳಿದದ್ದು ಬೇಡ.